ಬಿಸಿಲು ಕಾಣದ ಬಟ್ಟೆ

2023ರ ನವೆಂಬರ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಮುಟ್ಟಿನ ಕಪ್ ವಿತರಿಸುವ ಯೋಜನೆಗೆ ಚಾಮರಾಜನಗರದಲ್ಲಿ ಚಾಲನೆ ಕೊಟ್ಟರು. ಈ ಜಿಲ್ಲೆಯ ಮತ್ತು ದಕ್ಷಿಣ ಕನ್ನಡದ ಸುಮಾರು 11,000 ವಿದ್ಯಾರ್ಥಿನಿಯರಿಗೆ ಕಪ್ ಉಚಿತವಾಗಿ ಸಿಗಬೇಕೆಂಬುದು ಉದ್ದೇಶವಾಗಿತ್ತು. ಕಪ್ ಹೊಸದಿರಬಹುದು, ತೊಳೆದು ಮತ್ತೆ ಬಳಸುವುದನ್ನು ಮಾತ್ರ ಇದೇ ಜಿಲ್ಲೆಯ ಗುಂಡ್ಲುಪೇಟೆ ಸೀಮೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಉಟ್ಟು ಉಟ್ಟು ಮೆತ್ತಗಾದ ನೂಲಿನ ಸೀರೆಯನ್ನು ಹರಿದು, ಪದರ ಪದರವಾಗಿ ಮಡಿಚಿ ಬಳಸುವುದು, ಒಗೆದು ಮುಂದಿನ ತಿಂಗಳಿಗೆ ಎತ್ತಿಡುವುದು ತಲೆಮಾರುಗಳಿಂದ ನಡೆದುಬಂದದ್ದು. ಆ ಬಟ್ಟೆ ಕೆಟ್ಟದ್ದಾದದ್ದು ಅದನ್ನು ಬಚ್ಚಿಡಬೇಕಾಗಿ ಬಂದದ್ದರಿಂದ ಎಂಬುದು ನನ್ನ ವಾದ. ಕಪ್ ಉಳಿಯುವುದೂ ಬಿಡುವುದೂ ಇದೇ ಮಾತಿನ ಮೇಲೆ ನಿಂತಿದೆ.

ಘಟ್ಟದ ಮಳೆನೆರಳಿನಲ್ಲಿರುವ ಈ ನಾಡಿನಲ್ಲಿ ನೀರಿಗೆ ಬರವುಂಟು, ಬಿಸಿಲಿಗಿಲ್ಲ. ಆದರೂ ಮುಟ್ಟಿನ ಬಟ್ಟೆ ಬಿಸಿಲು ಕಂಡದ್ದು ಕಡಿಮೆ. ಗಂಡಸರ ಕಣ್ಣಿಗೆ ಬೀಳಬಾರದೆಂದು ಅದನ್ನು ಲಂಗದ ಅಡಿಯಲ್ಲೋ ಬಚ್ಚಲ ಮೂಲೆಯಲ್ಲೋ ಹರವುತ್ತಿದ್ದರು. ಅರೆ ಒಣಗಿದ್ದನ್ನೇ ಮತ್ತೆ ಕಟ್ಟಿಕೊಳ್ಳುತ್ತಿದ್ದರು. ಮುಂದೆ ನೂಲಿನ ಸೀರೆಯ ಜಾಗಕ್ಕೆ ಅಗ್ಗದ ನೈಲಾನ್, ಪಾಲಿಯೆಸ್ಟರ್ ಸೀರೆ ಬಂದವು. ಅವು ಹಳತಾದರೂ ನೀರು ಹೀರುವುದಿಲ್ಲ. ಮನೆಯಲ್ಲೇ ಸಿಗುತ್ತಿದ್ದ ಒಳ್ಳೆಯ ಬಟ್ಟೆ ಹೀಗೆ ಸದ್ದಿಲ್ಲದೆ ಕೈತಪ್ಪಿತು. ಬಟ್ಟೆ ಸೋತ ಕಥೆಯಲ್ಲಿ ಇದನ್ನು ನೆನೆಯುವವರೇ ಇಲ್ಲ.

ಹಳೆಯದನ್ನೆಲ್ಲ ಹೊಗಳುವ ಚಪಲವಿದು ಎಂದು ಯಾರಾದರೂ ಆಕ್ಷೇಪಿಸಿದರೆ ಅದರಲ್ಲಿ ಹುರುಳಿಲ್ಲದಿಲ್ಲ. ಒಡಿಶಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮತ್ತೆ ಮತ್ತೆ ಬಟ್ಟೆ ಬಳಸುವವರಲ್ಲಿ ಸೋಂಕು ಹೆಚ್ಚೆಂದು ತೋರಿಸಿತು. ಅಲ್ಲಿಯದೇ 2018ರ ಇನ್ನೊಂದು ಅಧ್ಯಯನ ಒಂದು ಹೆಜ್ಜೆ ಮುಂದೆ ಹೋಗಿ, ಬಟ್ಟೆಯನ್ನು ಮನೆಯೊಳಗೆ ಒಣಗಿಸುವುದಕ್ಕೂ ಶೌಚಾಲಯದಲ್ಲಿ ಅಡಗಿಸಿಡುವುದಕ್ಕೂ ಸೋಂಕಿಗೂ ನಂಟಿದೆ ಎಂದಿತು. ನನ್ನ ವಾದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಹಾಗಾದರೆ ಪ್ಯಾಡ್ ಕೊಟ್ಟರಾಯಿತಲ್ಲ ಎನ್ನಬಹುದು. ಶಾಲೆಗೆ ಹೋಗುವ ಹುಡುಗಿಗೆ ಪ್ಯಾಡ್ ದೊಡ್ಡ ಬಿಡುಗಡೆ ಎಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ 2013-14ರಲ್ಲಿ ಶುರುವಾದ, ಪ್ಯಾಡ್ ಹಂಚುವ ರಾಜ್ಯದ ಶುಚಿ ಯೋಜನೆ ಕೊರೊನಾ ಕಾಲದಲ್ಲಿ ನಿಂತುಹೋಯಿತು. ಪೂರೈಕೆ ನಿಂತ ತಿಂಗಳು ಮುಟ್ಟು ನಿಲ್ಲುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 24 ವಯಸ್ಸಿನವರಲ್ಲಿ ಅರ್ಧದಷ್ಟು ಮಂದಿ ಬಟ್ಟೆಯನ್ನೂ ಬಳಸುತ್ತೇವೆಂದರು. ಕಪ್ ಬಳಸುವವರು ನೂರಕ್ಕೆ ಒಬ್ಬರೂ ಇರಲಿಲ್ಲ.

1937ರಲ್ಲಿ ಅಮೆರಿಕದ ಲಿಯೋನಾ ಚಾಲ್ಮರ್ಸ್ ಪೇಟೆಂಟ್ ಪಡೆದ ಕಪ್ ಇಂದು ಸಿಲಿಕೋನ್‌ನದ್ದು, ಹತ್ತು ವರ್ಷದವರೆಗೂ ಬಾಳುತ್ತದೆ. ಹಗ್ಗ ಬೇಡ, ಬಿಸಿಲು ಬೇಡ, ಒಗೆಯಲು ಕೊಡಗಟ್ಟಲೆ ನೀರು ಬೇಡ. ನೀರಿಗೆ ತತ್ವಾರವಿರುವ ಹಳ್ಳಿಗೆ ಇದು ಸಣ್ಣ ಲಾಭವಲ್ಲ. ದೇಹದೊಳಗೆ ಧರಿಸುವ ಕಪ್ಪಿನಿಂದ ಕನ್ಯತ್ವ ಕೆಡುತ್ತದೆಂಬ ತಾಯಂದಿರ ಅಂಜಿಕೆಗೆ ವೈದ್ಯಕೀಯ ಆಧಾರವಿಲ್ಲ, ಕನ್ಯತ್ವವೆಂಬುದು ದೇಹದಲ್ಲಿ ಹುಡುಕಿ ಅಳೆಯುವ ವಸ್ತುವೂ ಅಲ್ಲ. ನಿಜವಾದ ತೊಡಕು ಬೇರೆಡೆ ಇದೆ: ಕಪ್ಪನ್ನು ಪ್ರತಿ ತಿಂಗಳು ನೀರಿನಲ್ಲಿ ಕುದಿಸಬೇಕು. ಮುಟ್ಟಾದವಳು ಅಡುಗೆಮನೆಗೆ ಕಾಲಿಡಬಾರದೆನ್ನುವ ಮನೆಯಲ್ಲಿ ಒಲೆ ಎಲ್ಲಿಯದು, ಪಾತ್ರೆ ಎಲ್ಲಿಯದು? ಹನ್ನೆರಡನೆಯ ಶತಮಾನದ ಶರಣರು ಪಂಚಸೂತಕಗಳಲ್ಲಿ ಒಂದಾದ ರಜಸ್ಸೂತಕವನ್ನೂ, ಅಂದರೆ ಮುಟ್ಟಿನ ಮೈಲಿಗೆಯನ್ನೂ, ತಳ್ಳಿಹಾಕಿದ್ದರು. ಶರಣರನ್ನು ಪೂಜಿಸುವ ಮನೆಗಳಲ್ಲೂ 'ಹೊರಗಾಗುವುದು' ಉಳಿದಿರುವುದು ನನಗೆ ನೋವಿನ ಸಂಗತಿ. ಸರ್ಕಾರ ಕಪ್ಪಿನ ಜೊತೆಗೆ ಅದನ್ನು ಕುದಿಸಲೆಂದೇ ಒಂದು ಸಣ್ಣ ಸ್ಟೀಲ್ ಪಾತ್ರೆಯನ್ನೂ ಕೊಡಬೇಕು. ಆಶಾ ಕಾರ್ಯಕರ್ತೆಯರು ಹುಡುಗಿಯ ಬಳಿ ಮಾತ್ರವಲ್ಲ, ಒಲೆಯ ಯಜಮಾನಿಕೆ ಇರುವ ತಾಯಿ, ಅಜ್ಜಿ, ಅತ್ತೆಯರ ಬಳಿಯೂ ಕೂತು ಮಾತಾಡಬೇಕು.