ಐದು ವಾಲ್ವಿನ ಪೆಟ್ಟಿಗೆ

ಚಾಮರಾಜಪೇಟೆಯ ನಮ್ಮ ವಠಾರಕ್ಕೆ ಬೆಳಗಿನ ಗಡಿಯಾರವೆಂದರೆ ಬಿಇಎಲ್ ಬಸ್ಸು. ಇನ್ನೂ ಹಾಲಿನವನು ಬರುವ ಮೊದಲೇ ಎದುರು ಮನೆಯ ಅಕ್ಕ ತಲೆ ಬಾಚಿ, ಡಬ್ಬಿ ಹಿಡಿದು ಬೀದಿಯ ತುದಿಗೆ ಓಡುತ್ತಿದ್ದರು. ಅವರು ಎಲ್ಲರ ಬಾಯಲ್ಲೂ 'ಬಿಇಎಲ್ ಅಕ್ಕ'. ಜಾಲಹಳ್ಳಿಯಲ್ಲಿ ಅವರು ಏನು ಮಾಡುತ್ತಾರೆಂದು ಯಾರೂ ಕೇಳಿದವರಲ್ಲ. ಸರ್ಕಾರಿ ಕಾರ್ಖಾನೆ, ಒಳ್ಳೆಯ ಸಂಬಳ, ಅಷ್ಟು ಸಾಕಾಗಿತ್ತು. ಅವರು ಮಾಡುತ್ತಿದ್ದುದು ವಾಲ್ವು ಎಂದು ನನಗೆ ಗೊತ್ತಾದದ್ದು 1978ರಲ್ಲಿ, ನಮ್ಮ ಅಣ್ಣನಿಗೆ ಗಿಟಾರಿನ ಹುಚ್ಚು ಹಿಡಿದಾಗ.

ಆಗ ಗಣೇಶನ ಪೆಂಡಾಲ್ ಎಂದರೆ ಆರ್ಕೆಸ್ಟ್ರಾ ಇರಲೇಬೇಕು. ಅಣ್ಣನೂ ಅವನ ಮೂವರು ಸ್ನೇಹಿತರೂ ಸೇರಿ ಒಂದು ತಂಡ ಕಟ್ಟಿದರು. ಯಾರದೋ ಕೈಯಿಂದ ಹಳೆಯ ಎಲೆಕ್ಟ್ರಿಕ್ ಗಿಟಾರ್ ಬಂತು. ಆದರೆ ಅದನ್ನು ಮನೆಯಲ್ಲಿ ಮೀಟಿದರೆ ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ. ಅದಕ್ಕೆ ವೀಣೆಯಂತೆ ಹೊಟ್ಟೆಯಿಲ್ಲ, ಬರೀ ಮರದ ಹಲಗೆ. ತಂತಿಯ ಕೆಳಗಿರುವ ಅಯಸ್ಕಾಂತ ಮತ್ತು ಸುರುಳಿ ತಂತಿಯ ನಡುಕವನ್ನು ಅತಿ ಸಣ್ಣ ವಿದ್ಯುತ್ತಾಗಿ ಮಾಡುತ್ತವೆ. ಅದನ್ನು ಹಿಗ್ಗಿಸಲು ಆಂಪ್ಲಿಫೈಯರ್ ಬೇಕು. ಹೊರದೇಶದ್ದು ಕೊಳ್ಳುವ ಮಾತೇ ಇಲ್ಲ. "ನಾನೇ ಮಾಡ್ತೀನಿ" ಎಂದ ಅಣ್ಣ. "ಮೊದಲು ಡಿಗ್ರಿ ಮಾಡು" ಎಂದರು ಅಪ್ಪ.

ಟ್ರಾನ್ಸಿಸ್ಟರ್ ಬಂದ ಮೇಲೂ ವಾಲ್ವೇಕೆ ಎಂದು ನೀವು ಕೇಳಬಹುದು. ಟ್ರಾನ್ಸಿಸ್ಟರನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1947ರಲ್ಲೇ ಕಂಡುಹಿಡಿದಿದ್ದರು. ಎಪ್ಪತ್ತರ ದಶಕದ ಹೊತ್ತಿಗೆ ನಮ್ಮ ಮನೆಗಳಲ್ಲೂ ಕೈಲಿ ಹಿಡಿಯುವ ರೇಡಿಯೋ ಬಂದಿತ್ತು. ಅದೇ ಕಾರಣಕ್ಕೆ ದೊಡ್ಡ ವಾಲ್ವ್ ರೇಡಿಯೋಗಳು ಅಟ್ಟ ಸೇರಿ, ಅಲ್ಲಿಂದ ಗುಜರಿ ಸೇರುತ್ತಿದ್ದವು. ಎಸ್.ಪಿ. ರೋಡಿನ ಅಂಗಡಿಗಳಲ್ಲಿ ವಾಲ್ವು ಅಗ್ಗ. ಜೊತೆಗೆ ವಾಲ್ವು ಒಂದಿಷ್ಟು ತಪ್ಪನ್ನು ತಾಳಿಕೊಳ್ಳುತ್ತದೆ. ಟ್ರಾನ್ಸಿಸ್ಟರ್ ಒಂದು ಕ್ಷಣದಲ್ಲಿ ಸದ್ದಿಲ್ಲದೆ ಸುಟ್ಟುಹೋಗುತ್ತದೆ. ಕಲಿಯುವ ಹುಡುಗನಿಗೆ ತಾಳ್ಮೆಯ ಗುರುವೇ ಬೇಕಲ್ಲ.

ವಾಲ್ವಿನ ಕಥೆ ಹಳೆಯದು. 1904ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗ್ ಮೊದಲನೆಯದನ್ನು ಮಾಡಿದ. ಎರಡು ವರ್ಷದ ಮೇಲೆ ಅಮೆರಿಕದ ಲೀ ಡಿ ಫಾರೆಸ್ಟ್ ಅದರೊಳಗೆ ಒಂದು ತಂತಿಯ ಜಾಲರಿ ಸೇರಿಸಿದ. ಗಾಳಿ ತೆಗೆದ ಗಾಜಿನ ಬುರುಡೆಯೊಳಗೆ ಕಾದ ಲೋಹದಿಂದ ಎಲೆಕ್ಟ್ರಾನುಗಳು ತಟ್ಟೆಯ ಕಡೆಗೆ ಹಾರುತ್ತವೆ. ನಡುವಿನ ಜಾಲರಿ ತೂಬಿನ ಹಲಗೆಯಿದ್ದಂತೆ. ಅದನ್ನು ಕೊಂಚ ಅಲುಗಿಸಿದರೆ ಇಡೀ ಹರಿವು ಅಲುಗುತ್ತದೆ. ಪಿಸುಮಾತು ಕೂಗಾಗುವುದು ಹೀಗೆ. ಮೈಸೂರಿನಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ 'ಆಕಾಶವಾಣಿ' ನಡೆಸಿದ್ದೂ ವಾಲ್ವಿನ ಬಲದಿಂದ. ಶ್ರೀರಾಮಸೇವಾ ಮಂಡಳಿ 1939ರಲ್ಲಿ ಆರಂಭಿಸಿದ ರಾಮನವಮಿ ಸಂಗೀತೋತ್ಸವಕ್ಕೆ ಮುಂದೆ ಕೋಟೆ ಹೈಸ್ಕೂಲಿನ ಮೈದಾನ ಮನೆಯಾಯಿತು. ಟಿಕೆಟ್ಟಿಗೆ ಕಾಸಿಲ್ಲದೆ ಬೇಲಿಯಾಚೆ ಚಾಪೆ ಹಾಸಿ ಕೇಳಿದ ಎಷ್ಟು ಹೆಂಗಸರಿಗೆ ಆ ಲೌಡ್‌ಸ್ಪೀಕರೇ ಸಂಗೀತ ಕಲಿಸಿತೋ! ನಮ್ಮಮ್ಮ ಅವರಲ್ಲಿ ಒಬ್ಬರು.

ಬಿಇಎಲ್ ಹುಟ್ಟಿದ್ದು 1954ರಲ್ಲಿ. ರೇಡಿಯೋ ವಾಲ್ವಿನ ತಯಾರಿಕೆ ಶುರುವಾದದ್ದು 1961ರಲ್ಲಿ. ಅದರ ಮರುವರ್ಷ ಜರ್ಮೇನಿಯಂ ಟ್ರಾನ್ಸಿಸ್ಟರುಗಳು. ಅಂದರೆ ಬದುಕುವುದನ್ನೂ ಅದನ್ನು ಸಾಯಿಸುವುದನ್ನೂ ಒಂದೇ ಆವರಣದಲ್ಲಿ ಬೆನ್ನಿಗೆ ಬೆನ್ನು ಹಚ್ಚಿ ಮಾಡಲು ತೊಡಗಿದ್ದರು.

ಅಣ್ಣ ಆರಿಸಿಕೊಂಡದ್ದು ಇಂಗ್ಲೆಂಡಿನ ಮುಲ್ಲಾರ್ಡ್ ಕಂಪನಿ 1954ರಲ್ಲಿ ಪ್ರಕಟಿಸಿದ 'ಐದು-ಹತ್ತು' ಎಂಬ ನಕ್ಷೆ. ಐದು ವಾಲ್ವು, ಹತ್ತು ವ್ಯಾಟ್. ಕೊನೆಯಲ್ಲಿ ಇಎಲ್84 ಎಂಬ ವಾಲ್ವು ಎರಡು. ಬೀಟಲ್ಸ್ ಹುಡುಗರು ಬಳಸಿದ ವಾಕ್ಸ್ ಆಂಪ್ಲಿಫೈಯರಿನಲ್ಲೂ ಇದ್ದದ್ದು ಇದೇ ಇಎಲ್84, ಅದರಲ್ಲಿ ನಾಲ್ಕು.

ಎಸ್.ಪಿ. ರೋಡಿಗೆ ಹೋಗುವ ಹಿಂದಿನ ಸಂಜೆ ಬಿಇಎಲ್ ಅಕ್ಕ ಕರೆದು ಹೇಳಿದರು: "ವಾಲ್ವಿನ ನೆತ್ತಿ ನೋಡಿ ತಗೋಳಪ್ಪ. ಬೆಳ್ಳಿ ಬಳಿದ ಹಾಗೆ ಕನ್ನಡಿ ಇರಬೇಕು. ಬಿಳಿಚಿಕೊಂಡಿದ್ರೆ ಒಳಗೆ ಗಾಳಿ ಹೋಗಿದೆ ಅಂತ." ಅಲ್ಲಿಯವರೆಗೆ ಅಣ್ಣ ಅವರನ್ನು ಒಂದು ಮಾತು ಕೇಳಿರಲಿಲ್ಲ. ಅಂದು ಕೇಳಿದ. ಭೂತಗನ್ನಡಿಯ ಕೆಳಗೆ ಕೂದಲಿಗಿಂತ ತೆಳುವಾದ ತಂತಿಯ ಜಾಲರಿಯನ್ನು ಚಿಮುಟದಲ್ಲಿ ಹಿಡಿದು ಕೂರಿಸುವುದು ಅವರ ಸಾಲಿನ ಕೆಲಸವಂತೆ. ಆ ಸಾಲಿನಲ್ಲಿ ಎಲ್ಲರೂ ಹೆಂಗಸರೇ. "ಗಂಡಸರ ಕೈ ನಡುಗತ್ತೆ ಅಂತಾರೆ" ಎಂದು ನಕ್ಕರು. ಮರುದಿನ ಅಣ್ಣನೂ ನಾನೂ ಅಂಗಡಿಯಲ್ಲಿ ಬೆಂಡೆಕಾಯಿ ಆರಿಸುವ ಹಾಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ಆರಿಸಿದೆವು. ಅಂಗಡಿಯವನಿಗೆ ಸಿಟ್ಟು ಬಂತು.

ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಮಾತ್ರ ಮನೆಯಲ್ಲೇ ಸುತ್ತಬೇಕಾಯಿತು. ವಾಲ್ವಿಗೆ ಬೇಕಾದದ್ದು ಎಂಟು ಸಾವಿರ ಓಮ್, ಸ್ಪೀಕರಿಗೆ ಎಂಟೇ ಓಮ್. ಸುತ್ತುಗಳ ಅನುಪಾತ ಇದರ ವರ್ಗಮೂಲ, ಸುಮಾರು 32ಕ್ಕೆ 1. ಸ್ಪೀಕರಿನ ಕಡೆ 100 ಸುತ್ತಾದರೆ ವಾಲ್ವಿನ ಕಡೆ 3200, ಅದೂ 1600ರ ಎರಡು ಸಮಪಾಲು. ಪಾಲು ಹೆಚ್ಚುಕಡಿಮೆಯಾದರೆ ನಾದ ಕೆಡುತ್ತದೆ. ಕೈ ಡ್ರಿಲ್ಲನ್ನು ಮೇಜಿಗೆ ಬಿಗಿದು ಅಣ್ಣ ತಿರುಗಿಸುತ್ತಿದ್ದ. ಎಣಿಸುವುದು ನನ್ನ ಕೆಲಸ. ನೂರಾದೊಡನೆ ಒಂದು ಹುಣಸೆ ಬೀಜ ಪಕ್ಕಕ್ಕೆ. ಹತ್ತೊಂಬತ್ತನೆಯ ಬೀಜದ ಹೊತ್ತಿಗೆ ಅಮ್ಮ "ಕೊತ್ತಂಬರಿ ತಗೊಂಡು ಬಾರೇ" ಎಂದು ಕೂಗಿದರು, ಲೆಕ್ಕ ತಪ್ಪಿತು. ಎಲ್ಲ ಬಿಚ್ಚಿ ಮೊದಲಿಂದ. ಆ ರಾತ್ರಿ ಅಣ್ಣ ಊಟ ಮಾಡಲಿಲ್ಲ.

ಜೋಡಿಸಿ ಮುಗಿಸಿ ಸ್ವಿಚ್ಚು ಹಾಕಿದರೆ ಪೆಟ್ಟಿಗೆ ಗಿಟಾರಿಗಿಂತ ಗಟ್ಟಿಯಾಗಿ ತಾನೇ ಗುಂಯ್ ಎಂದಿತು. ಇಲ್ಲಿಂದ ನಿಜವಾದ ಪಾಠ ಶುರು. ತಪ್ಪು ಹುಡುಕುವುದಕ್ಕೂ ಒಂದು ಶಿಸ್ತಿದೆ. ಮೊದಲನೆಯ ವಾಲ್ವನ್ನು ಕಿತ್ತು ನೋಡಬೇಕು. ಸದ್ದು ನಿಂತರೆ ರೋಗ ಮುಂದಿದೆ, ನಿಲ್ಲದಿದ್ದರೆ ಹಿಂದಿದೆ. ನಮ್ಮದು ನಿಂತಿತು. ನೋಡಿದರೆ, ವಾಲ್ವುಗಳನ್ನು ಕಾಯಿಸುವ 6.3 ವೋಲ್ಟಿನ ಎರಡು ತಂತಿಗಳು ಜಾಲರಿಯ ತಂತಿಯ ಪಕ್ಕದಲ್ಲೇ ಸಡಿಲವಾಗಿ ಹಾಯ್ದಿದ್ದವು. ಆ ಎರಡನ್ನೂ ಬಿಗಿಯಾಗಿ ಹೊಸೆದರೆ ಒಂದರ ಪ್ರಭಾವ ಇನ್ನೊಂದನ್ನು ಅಳಿಸಿಹಾಕುತ್ತದೆ ಎಂದಿತ್ತು ಪುಸ್ತಕ. ಅಣ್ಣ ಹೊಸೆದದ್ದು ಬಿಚ್ಚಿಕೊಳ್ಳುತ್ತಲೇ ಇತ್ತು. ಅದುವರೆಗೆ ಆ ಪೆಟ್ಟಿಗೆಯನ್ನು ಶನಿ ಎನ್ನುತ್ತಿದ್ದ ಅಮ್ಮ ಬಂದು, "ಕೊಡು ಇಲ್ಲಿ" ಎಂದು ಕಸಿದುಕೊಂಡು, ದೀಪದ ಬತ್ತಿ ಹೊಸೆದ ಹಾಗೆ ಹೊಸೆದುಕೊಟ್ಟರು. ಗುಂಯ್ ಅರ್ಧಕ್ಕರ್ಧ ಇಳಿಯಿತು. ಉಳಿದದ್ದು ಫಿಲ್ಟರ್ ಕೆಪಾಸಿಟರಿನದು, ಹೊಸದು ಹಾಕಿದ ಮೇಲೆ ಹೋಯಿತು.

ಆಮೇಲೆ ಒಂದು ಇಎಲ್84ರ ಒಳಗಿನ ತಟ್ಟೆ ಕತ್ತಲಲ್ಲಿ ಕೆಂಪಗೆ ಕಾದು ಕಂಡಿತು. ಚೆಂದವೆಂದು ನಾನು ನೋಡುತ್ತ ನಿಂತೆ. ಅಣ್ಣ ಓಡಿಬಂದು ಪ್ಲಗ್ಗು ಕಿತ್ತ. ಅದರ ಹಿಂದಿನ ಒಂದು ಸಣ್ಣ ಕೆಪಾಸಿಟರು ಸೋರಿ, ಹೋಗಬಾರದ ವೋಲ್ಟೇಜು ಜಾಲರಿಗೆ ಹೋಗಿತ್ತು. ಪ್ಲಗ್ಗು ಕಿತ್ತ ಮಾತ್ರಕ್ಕೆ ಅಪಾಯ ತಪ್ಪುವುದಿಲ್ಲ. ದೊಡ್ಡ ಕೆಪಾಸಿಟರುಗಳಲ್ಲಿ ಮುನ್ನೂರು ವೋಲ್ಟು ಹೊಂಚುಹಾಕಿ ಕೂತಿರುತ್ತದೆ. ರೆಸಿಸ್ಟರ್ ಹಿಡಿದು ಅದನ್ನು ಖಾಲಿ ಮಾಡದೆ ಅಣ್ಣ ಒಮ್ಮೆ ಕೈಯಿಟ್ಟು ಗೋಡೆಗೆ ಹೋಗಿ ಬಿದ್ದ. ಅಂದಿನಿಂದ ಎಡಗೈ ಬೆನ್ನ ಹಿಂದೆ ಕಟ್ಟಿಕೊಂಡೇ ಕೆಲಸ ಎಂಬುದು ಅಮ್ಮನ ಕಟ್ಟಪ್ಪಣೆ.

ಮೊದಲನೆಯ ವಾಲ್ವನ್ನು ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಿನಲ್ಲಿ ಗಂಟೆ ಬಾರಿಸಿದ ಹಾಗೆ ಕೇಳುತ್ತಿತ್ತು. ಅದನ್ನು ಪತ್ತೆ ಮಾಡಿದವಳು ನಾನು. ಸವೆದ ಹವಾಯಿ ಚಪ್ಪಲಿಯ ರಬ್ಬರು ಕತ್ತರಿಸಿ ಸಾಕೆಟ್ಟಿನ ಕೆಳಗೆ ಇಟ್ಟದ್ದೂ ನಾನೇ. ಅಂಥದೇ ವಾಲ್ವು ವಾಕ್ಸ್ ಕಂಪನಿಯವರಿಗೂ ಇದೇ ತೊಂದರೆ ಕೊಟ್ಟಿತ್ತೆಂದೂ, ಕೊನೆಗೆ ಅವರು ಅದನ್ನು ಬಿಟ್ಟರೆಂದೂ ಎಷ್ಟೋ ವರ್ಷದ ಮೇಲೆ ಓದಿದೆ. ಓದಿ ಒಂದು ದಿನವಿಡೀ ಜಂಬದಲ್ಲಿದ್ದೆ.

ಆದರೆ ಪಿಯುಸಿಗೆ ಸೇರುವಾಗ, ಅಂಕಗಳಿದ್ದರೂ, ನನಗೆ ಸೈನ್ಸ್ ಸಿಗಲಿಲ್ಲ. "ಮನೆಯಲ್ಲಿ ಒಬ್ಬ ಇದ್ದಾನಲ್ಲ, ಸಾಕು. ನಿನಗೆ ಬಿಎ ಆದರೆ ಟೀಚರ್ ಕೆಲಸ ಸಿಗುತ್ತೆ" ಎಂದರು ಅಪ್ಪ. ಕೆಲಸ ಸಿಕ್ಕಿತು, ಊಟಕ್ಕೆ ಕೊರತೆಯಾಗಲಿಲ್ಲ. ಅಪ್ಪನ ಮೇಲೆ ಈಗ ಸಿಟ್ಟೂ ಇಲ್ಲ. ಸಮಾಜ ಪಾಠದಲ್ಲಿ ಬೆಂಗಳೂರಿನ ಕೈಗಾರಿಕೆಗಳು ಎಂಬ ಭಾಗ ಬಂದಾಗ ಮಾತ್ರ ಪುಸ್ತಕದ ಆಚೆಗೆ ಹೋಗಿಬಿಡುತ್ತೇನೆ. ಪುಸ್ತಕದಲ್ಲಿ ಬಿಇಎಲ್ ಎಂದು ಒಂದು ಸಾಲಿದೆ. ಭೂತಗನ್ನಡಿ ಇಲ್ಲ, ಚಿಮುಟ ಇಲ್ಲ. ಜಾಲಹಳ್ಳಿಯಲ್ಲಿ ಆ ವಾಲ್ವುಗಳ ತಯಾರಿಕೆ ನಿಂತು ಎಷ್ಟೋ ಕಾಲವಾಯಿತು. ಉಳಿದ ಹಳೆಯ ದಾಸ್ತಾನನ್ನು ಹೊರದೇಶದ ಗಿಟಾರ್ ಬಾರಿಸುವವರು ಹುಡುಕಿ ಕೊಳ್ಳುತ್ತಾರೆ.

ಆ ವರ್ಷ ಗಣೇಶನ ಮೂರನೆಯ ರಾತ್ರಿ ಅಣ್ಣನ ಆರ್ಕೆಸ್ಟ್ರಾ. ಇಡೀ ವಠಾರ ಮುಂದಿನ ಸಾಲಿನಲ್ಲಿ ಕೂತಿತ್ತು. ಬಿಇಎಲ್ ಅಕ್ಕ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಅವರು ವೇದಿಕೆಯ ಹಿಂದೆ, ಪೆಟ್ಟಿಗೆಯ ಬೆನ್ನಿಗೆ ಮುಖ ಮಾಡಿ ಒಂದು ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದರು. ಒಳಗೆ ಐದೂ ವಾಲ್ವುಗಳು ಸಣ್ಣಗೆ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿದ್ದವು.

"ಮುಂದೆ ಬನ್ನಿ ಅಕ್ಕ, ಇಲ್ಲಿಂದ ಏನೂ ಕಾಣಲ್ಲ" ಎಂದೆ.

"ಇರು, ಇಷ್ಟು ವರ್ಷ ಮಾಡಿದೀನಿ, ಉರಿಯೋದನ್ನ ಕೂತು ನೋಡಿರಲಿಲ್ಲ" ಎಂದು ಸ್ವಲ್ಪ ಸರಿದು ಕುರ್ಚಿಯಲ್ಲಿ ನನಗೂ ಜಾಗ ಕೊಟ್ಟರು.