ಎರಡನೆಯ ಜನಮತಗಣನೆ: ಡೆನ್ಮಾರ್ಕಿನ ನಿದರ್ಶನ

ಒಮ್ಮೆ ತೀರ್ಪಿತ್ತ ಜನತೆಯ ಮುಂದೆ ಅದೇ ಪ್ರಶ್ನೆಯನ್ನು ಮರಳಿ ಇಡುವುದು ಪ್ರಜಾಪ್ರಭುತ್ವಕ್ಕೆ ಸಮ್ಮತವೇ? ಬಯಸಿದ ಉತ್ತರ ದೊರೆಯುವವರೆಗೂ ಕೇಳುತ್ತಲೇ ಇರುವುದು ಜನಾದೇಶದ ಅಣಕವೆಂಬುದು ಒಂದು ಪಕ್ಷ. ಮರುವಿಚಾರದ ಹಕ್ಕಿಲ್ಲದ ಜನತೆ ತನ್ನ ಹಳೆಯ ಮಾತಿಗೇ ಸೆರೆಯಾಗುತ್ತದೆ ಎಂಬುದು ಪ್ರತಿಪಕ್ಷ. ಈ ಎರಡು ವಾದಗಳನ್ನೂ ಒರೆಗೆ ಹಚ್ಚಲು ಡೆನ್ಮಾರ್ಕಿನ ಮೂರು ದಶಕಗಳ ಚರಿತ್ರೆ ಉತ್ತಮ ಆಧಾರವಾಗಿದೆ.

ಯುರೋಪಿಯನ್ ಒಕ್ಕೂಟಕ್ಕೆ ತಳಹದಿಯಾದ ಮಾಸ್ಟ್ರಿಕ್ಟ್ ಒಪ್ಪಂದವನ್ನು ಡೆನ್ಮಾರ್ಕಿನ ಮತದಾರರು 1992ರ ಜೂನ್ 2ರಂದು ತಿರಸ್ಕರಿಸಿದರು. ವಿರೋಧವಾಗಿ ಬಿದ್ದ ಮತ ಶೇ. 50.7, ಅಂತರ ಐವತ್ತು ಸಾವಿರಕ್ಕೂ ಕಡಿಮೆ. ಹನ್ನೆರಡೂ ಸದಸ್ಯ ರಾಷ್ಟ್ರಗಳು ಅನುಮೋದಿಸದೆ ಒಪ್ಪಂದ ಜಾರಿಗೆ ಬರುವಂತಿರಲಿಲ್ಲ. ಆಗ ಸಂಸತ್ತಿನ ಎಂಟು ಪಕ್ಷಗಳಲ್ಲಿ ಏಳು ಸೇರಿ ಒಂದು ರಾಷ್ಟ್ರೀಯ ಒಡಂಬಡಿಕೆಯನ್ನು ರೂಪಿಸಿದವು. ಒಪ್ಪಂದದ ವಿರುದ್ಧ ಪ್ರಚಾರ ಮಾಡಿದ್ದ ಸಮಾಜವಾದಿ ಜನಪಕ್ಷವೂ ಅದರ ಕರ್ತೃಗಳಲ್ಲಿ ಒಂದಾಗಿತ್ತೆಂಬುದು ಗಮನಾರ್ಹ. ಡಿಸೆಂಬರಿನ ಎಡಿನ್‌ಬರೊ ಶೃಂಗಸಭೆಯಲ್ಲಿ ಏಕ ನಾಣ್ಯ, ರಕ್ಷಣೆ, ನ್ಯಾಯ ಮತ್ತು ಗೃಹ ವ್ಯವಹಾರ, ಒಕ್ಕೂಟದ ಪೌರತ್ವ ಎಂಬ ನಾಲ್ಕು ವಿಷಯಗಳಲ್ಲಿ ಡೆನ್ಮಾರ್ಕಿಗೆ ವಿನಾಯಿತಿ ದೊರೆಯಿತು.

1993ರ ಮೇ 18ರ ಎರಡನೆಯ ಮತದಾನದಲ್ಲಿ ಶೇ. 56.7 ಮಂದಿ ಸಮ್ಮತಿಸಿದರು. ಆ ರಾತ್ರಿ ಕೋಪನ್‌ಹೇಗನ್ನಿನ ನೋರೆಬ್ರೊ ಬಡಾವಣೆಯಲ್ಲಿ ಪ್ರತಿಭಟನೆ ಗಲಭೆಯಾಯಿತು. ಪೊಲೀಸರ ಗುಂಡೇಟಿಗೆ ಹಲವರು ಗಾಯಗೊಂಡರು. ಮೂಲ ಒಪ್ಪಂದದ ಪಠ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲವೆಂಬ ವಿರೋಧಿಗಳ ಆಕ್ಷೇಪ ಸುಳ್ಳಾಗಿರಲಿಲ್ಲ.

ಆದರೆ ಮೊದಲ ನಿರಾಕರಣೆ ಅಳಿಸಿಹೋಯಿತೇ? ಮುಂದಿನ ಘಟನೆಗಳು ಹಾಗೆ ಹೇಳುವುದಿಲ್ಲ. 2000ದಲ್ಲಿ ಯೂರೋ ನಾಣ್ಯವನ್ನು ಶೇ. 53.2 ಮತದಾರರು ನಿರಾಕರಿಸಿದರು. 2015ರಲ್ಲಿ ನ್ಯಾಯವಿಷಯಕ ವಿನಾಯಿತಿಯನ್ನು ಸಡಿಲಿಸುವ ಪ್ರಸ್ತಾವವೂ ಬಿದ್ದುಹೋಯಿತು. ಉಕ್ರೇನಿನ ಮೇಲೆ ರಷ್ಯಾ ದಂಡೆತ್ತಿದ ಬಳಿಕ, 2022ರ ಜೂನ್ 1ರಂದು ರಕ್ಷಣಾ ವಿನಾಯಿತಿಯನ್ನು ಜನರೇ ಸುಮಾರು ಮೂರನೇ ಎರಡು ಭಾಗದ ಬಹುಮತದಿಂದ ಕೈಬಿಟ್ಟರು. 1992ರ 'ಇಲ್ಲ' ಗಳಿಸಿಕೊಟ್ಟದ್ದನ್ನು ಜನರು ಎರಡು ಸಲ ಕಾಯ್ದುಕೊಂಡರು, ಒಂದು ಸಲ ತಾವಾಗಿ ತ್ಯಜಿಸಿದರು.

ಆದ್ದರಿಂದ ಎಷ್ಟು ಸಲ ಕೇಳಲಾಯಿತು ಎಂಬುದಕ್ಕಿಂತ, ಮೊದಲ ಉತ್ತರ ಎರಡನೆಯ ಪ್ರಶ್ನೆಯನ್ನು ಮಾರ್ಪಡಿಸಿತೇ ಎಂಬುದೇ ಪರಿಗಣನೀಯ. ಡೆನ್ಮಾರ್ಕಿನಲ್ಲಿ ಅದು ಮಾರ್ಪಟ್ಟಿತ್ತು. ಆದರೂ ಒಂದು ನ್ಯೂನತೆ ಉಳಿಯುತ್ತದೆ: 1993ರ 'ಹೌದು' ಎಂಬ ಉತ್ತರವನ್ನು ಮರುವರ್ಷ ಯಾರೂ ಮತ್ತೆ ಕೇಳಲಿಲ್ಲ. ಮರುಪ್ರಶ್ನೆಯ ಅಧಿಕಾರ ಆಳುವವರ ಕೈಯಲ್ಲೇ ಇರುವಷ್ಟು ಕಾಲ ಪ್ರತಿಭಟನಕಾರರ ಸಂಶಯವನ್ನು ತಳ್ಳಿಹಾಕಲಾಗದು.