ಎದೆ ಎರಡನೆಯ ಸಲ ತೆರೆದಾಗ

ನನ್ನ ದೊಡ್ಡಮ್ಮನಿಗೆ ಎಡ ಎದೆಯ ಕೆಳಗಿನಿಂದ ಬೆನ್ನಿನ ಕಡೆಗೆ ಬಾಗಿ ಹೋದ ಉದ್ದನೆಯ ಹೊಲಿಗೆಯ ಗುರುತಿತ್ತು. ‘ಡಾಕ್ಟ್ರು ಹೃದಯದೊಳಗೆ ಬೆರಳು ಹಾಕಿ ಬಾಗಿಲು ತೆಗೆದ್ರು ಕಣೋ’ ಎನ್ನುತ್ತಿದ್ದಳು. ನಾವು ಮಕ್ಕಳು ಅದನ್ನು ಕಟ್ಟುಕತೆ ಎಂದುಕೊಂಡಿದ್ದೆವು. ವೈದ್ಯಕೀಯದ ಚರಿತ್ರೆ ಓದತೊಡಗಿದ ಮೇಲೆ ತಿಳಿಯಿತು, ಅವಳು ಹೇಳಿದ್ದು ಅಕ್ಷರಶಃ ನಿಜ.

ಎಳವೆಯ ಗಂಟಲು ಸೋಂಕಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರ ಹೃದಯದ ಮೈಟ್ರಲ್ ಕವಾಟವನ್ನು ವರ್ಷಗಳ ಮೇಲೆ ಕಿರಿದಾಗಿಸಬಲ್ಲದು. 1925ರಲ್ಲಿ ಲಂಡನ್ನಿನ ಹೆನ್ರಿ ಸೂಟರ್, ಮಿಡಿಯುತ್ತಿದ್ದ ಹೃದಯದ ಎಡ ಹೃತ್ಕರ್ಣದೊಳಕ್ಕೆ ಬೆರಳು ತೂರಿಸಿ ಆ ಕವಾಟವನ್ನು ಬಿಡಿಸಿದರು. ರೋಗಿ ಬದುಕಿದಳು. ಆದರೂ ವೈದ್ಯರು ಇನ್ನೊಬ್ಬ ರೋಗಿಯನ್ನು ಅವರ ಬಳಿ ಕಳಿಸಲಿಲ್ಲ. 1948ರಲ್ಲಿ ಫಿಲಡೆಲ್ಫಿಯಾದ ಚಾರ್ಲ್ಸ್ ಬೈಲಿ, ಬಾಸ್ಟನ್ನಿನ ಡ್ವೈಟ್ ಹಾರ್ಕನ್, ಲಂಡನ್ನಿನ ರಸೆಲ್ ಬ್ರಾಕ್ ಗೆದ್ದ ಮೇಲೆಯೇ ಆ ದಾರಿ ತೆರೆದದ್ದು. ಹೃದಯ–ಶ್ವಾಸಕೋಶ ಯಂತ್ರದ ಹಂಗಿಲ್ಲದ ಈ ಚಿಕಿತ್ಸೆ ನಮ್ಮ ದೇಶದ ಎಷ್ಟೋ ಬಡವರನ್ನು ಉಳಿಸಿತು.

ಆದರೆ ಬಿಡಿಸಿದ ಕವಾಟ ಮತ್ತೆ ಬಿಗಿಯಬಹುದು. ದೊಡ್ಡಮ್ಮನಿಗೂ ಹಾಗೆಯೇ ಆಯಿತು. ಎರಡು ದಶಕ ಕಳೆದು ಉಬ್ಬಸ ಮರಳಿತು. ಅಷ್ಟರಲ್ಲಿ ಕೃತಕ ಕವಾಟ ಬಂದಿತ್ತು. ಆಲ್ಬರ್ಟ್ ಸ್ಟಾರ್ ಮತ್ತು ಎಂಜಿನಿಯರ್ ಲೋವೆಲ್ ಎಡ್ವರ್ಡ್ಸ್ 1960ರಲ್ಲೇ ಪಂಜರದೊಳಗೆ ಚೆಂಡಿಟ್ಟಂಥ ಕವಾಟವನ್ನು ಅಳವಡಿಸಿ ತೋರಿಸಿದ್ದರು. ತೊಡಕಿದ್ದದ್ದು ಅಲ್ಲಿಗೆ ತಲುಪುವುದರಲ್ಲಿ.

ಮಾಯುವಾಗ ದೇಹ ನಾರು ನೇಯುತ್ತದೆ. ಹೃದಯ ತನ್ನ ಸುತ್ತಲಿನ ಪೊರೆಗೆ ಅಂಟಿಕೊಳ್ಳುತ್ತದೆ. ಮೊದಲ ಸಲ ಎದೆಮೂಳೆಯನ್ನೇ ಸೀಳಿದ್ದರೆ ಅದರ ಹಿಂಬದಿಗೂ ಅಂಟಬಹುದು. ಆಗ ಗರಗಸ ತುಸು ಆಳಕ್ಕಿಳಿದರೂ ಸಾಕು, ರಕ್ತ ಚಿಮ್ಮುತ್ತದೆ. ಅದಕ್ಕೇ ಮೂಳೆಗೆ ಕೈಹಾಕುವ ಮುನ್ನ ತೊಡೆಸಂದಿನ ರಕ್ತನಾಳಗಳನ್ನು ಯಂತ್ರಕ್ಕೆ ಸಿದ್ಧವಾಗಿಡುವುದುಂಟು. ಮೊದಲು ಜೀವ ಉಳಿಸಿದ ಗಾಯವೇ ಎರಡನೆಯ ಸಲ ಅಡ್ಡಗಟ್ಟುತ್ತದೆ.

‘ಕವಾಟ ಕೂರಿಸೋದಕ್ಕಿಂತ ಹೃದಯ ಬಿಡಿಸಿಕೊಳ್ಳೋದೇ ಕಷ್ಟವಾಯ್ತು’ ಎಂದರು ಹೊರಬಂದ ಸರ್ಜನ್. ಒಂಬತ್ತು ಗಂಟೆಯಿಂದ ಬಾಗಿಲ ಬಳಿ ನಿಂತಿದ್ದ ದೊಡ್ಡಪ್ಪ ಆಗ ಕುಳಿತರು.

2002ರಲ್ಲಿ ಫ್ರಾನ್ಸಿನ ಅಲೆನ್ ಕ್ರಿಬಿಯೆ, ಎದೆ ತೆರೆಯದೆ ರಕ್ತನಾಳದ ಮೂಲಕವೇ ಮಹಾಪಧಮನಿಯ ಕವಾಟವನ್ನು ಅಳವಡಿಸಿದರು. ಹಿಂದೆ ಎದೆ ಕೊಯ್ಸಿಕೊಂಡವರಿಗೆ ಅದೊಂದು ದೊಡ್ಡ ಬಿಡುಗಡೆ. ದೊಡ್ಡಮ್ಮನ ಕಾಲಕ್ಕೆ ಅದಿರಲಿಲ್ಲ. ರಾತ್ರಿ ಅವಳ ಪಕ್ಕ ಮಲಗಿದರೆ ಲೋಹದ ಕವಾಟದ ಟಿಕ್ ಟಿಕ್ ಕೇಳುತ್ತಿತ್ತು. ‘ಈಗ ಬಾಗಿಲು ತಾನೇ ತೆಗೆದು ಹಾಕಿಕೊಳ್ಳುತ್ತೆ’ ಎಂದು ನಗುತ್ತಿದ್ದಳು.